ಓದುಗರ ಸ್ಪಂದನ: ‘ಸಾಕಾಗಿ ಹೋಯ್ತು’ ಅನ್ನುವ ಅಮ್ಮನಿಗೆ

ಕಳೆದ ಸಲದ ಸಮಸ್ಯೆ:

ನನಗೆ 41 ವರ್ಷ. ಎರಡು ವರ್ಷದಿಂದ ಅತ್ತೆಗೆ ಪಾರ್ಶ್ವವಾಯು, ಹಾಸಿಗೆಯಲ್ಲೇ ಎಲ್ಲ. ಯಜಮಾನರದು ಶಿಫ್ಟ್ ಕೆಲಸ, ಇಬ್ಬರು ಮಕ್ಕಳು. ಭಾನುವಾರ ಚರ್ಚಿನಲ್ಲಿ ಯಾರು ಕೇಳಿದರೂ ‘ದೇವರ ದಯೆ, ಚೆನ್ನಾಗಿದ್ದೀವಿ’ ಅನ್ನುತ್ತೇನೆ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಬಾಯಿ ಶುರುವಾಗುತ್ತದೆ. ಹೋದ ತಿಂಗಳು ಸಂಡೇ ಸ್ಕೂಲಿನಲ್ಲಿ ಟೀಚರ್ ‘ನಿಮ್ಮಮ್ಮ ಜಾಸ್ತಿ ಹೇಳೋ ಮಾತು ಯಾವುದು?’ ಅಂತ ಕೇಳಿದರಂತೆ. ನನ್ನ 9 ವರ್ಷದ ಮಗಳು ‘ಸಾಕಾಗಿ ಹೋಯ್ತು’ ಅಂದಳಂತೆ. ಎಲ್ಲರೂ ನಕ್ಕರಂತೆ. ಕೇಳಿ ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಆಮೇಲೆ ಸಭೆಯ ಹಿರಿಯರೊಬ್ಬರ ಹೆಂಡತಿ ಪಕ್ಕಕ್ಕೆ ಕರೆದು, ‘ನಿನ್ನ ಬಾಯಿಂದಲೇ ನಿನ್ನ ಮನೆ ಆಶೀರ್ವಾದ ತಡೀತಾ ಇದೆ, ನೆಗೆಟಿವ್ ಮಾತು ಬಿಡು’ ಅಂದರು. ಅವತ್ತಿನಿಂದ ಮಾತಾಡಲಿಕ್ಕೇ ಹೆದರಿಕೆ. ಮನೆಯಲ್ಲಿ ಮೂಕಿ ಥರ ಇದ್ದೇನೆ. ಒಳ್ಳೆಯ ಮಾತು ಅಂದರೆ ಇಲ್ಲದ ಸುಖವನ್ನು ಇದೆ ಅನ್ನುವುದಾ?
– ಓದುಗಿ, ಹಾಸನ ಜಿಲ್ಲೆ

ಈ ಪತ್ರಕ್ಕೆ ಬಂದ ಉತ್ತರಗಳಲ್ಲಿ ಕೆಲವು:

ತಂಗಿ, ನಿಮ್ಮ ಮಗಳು ಹೇಳಿದ ಆ ಮಾತು ಸತ್ಯವೇದದಲ್ಲೇ (ಬೈಬಲಿನಲ್ಲೇ) ಇದೆ. 1 ಅರಸುಗಳು 19ನೇ ಅಧ್ಯಾಯ ತೆಗೆದು ನೋಡಿ. ಎಲೀಯ ಪ್ರವಾದಿ ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕೂತು ದೇವರಿಗೆ ಹೇಳುವುದು ಇದನ್ನೇ: ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು. ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಇವನು ಪ್ರಾರ್ಥಿಸಿದಾಗಲೇ ಆಕಾಶದಿಂದ ಬೆಂಕಿ ಬಿದ್ದದ್ದು! ಅಂಥವನ ಬಾಯಲ್ಲೂ ಈ ಮಾತು ಬಂತು. ದೇವರು ಬೈದನಾ? ಇಲ್ಲ. ಅವನ ಪಾಡಿಗೆ ನಿದ್ದೆ ಮಾಡಲು ಬಿಟ್ಟ. ದೂತ ಬಂದು ತಟ್ಟಿ ಎಬ್ಬಿಸಿದಾಗ ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ, ದಾರಿ ದೂರ ಇದೆ ಅಂತ. ದೇವರು ಮಾತಾಡಿದ್ದು ಅದೆಲ್ಲ ಆದ ಮೇಲೆ. ನಾನೂ ಎಷ್ಟೋ ವರ್ಷ ಸಂಡೇ ಸ್ಕೂಲ್ ಮಕ್ಕಳಿಗೆ ಎಲೀಯನ ಕಥೆ ಹೇಳಿದವಳು. ಬೆಂಕಿ ಬಿದ್ದದ್ದನ್ನು ಕೈಕಾಲು ಆಡಿಸಿ ಹೇಳುತ್ತಿದ್ದೆ, ರೊಟ್ಟಿಯ ಭಾಗವನ್ನು ಬಿಟ್ಟುಬಿಡುತ್ತಿದ್ದೆ. ಈಗ ಅನ್ನಿಸುತ್ತದೆ, ಅಮ್ಮಂದಿರಿಗೆ ಬೇಕಾದದ್ದು ಆ ರೊಟ್ಟಿಯ ಭಾಗವೇ.

ಕೀರ್ತನೆಗಳನ್ನೂ ನೋಡಿ. 13ನೇ ಕೀರ್ತನೆಯಲ್ಲಿ ಇರುವುದೇ ಆರು ವಚನ, ಅದರಲ್ಲಿ ‘ಇನ್ನೂ ಎಷ್ಟು ದಿನ’ ಅಂತ ಕೀರ್ತನೆಗಾರ ದೇವರನ್ನು ನಾಲ್ಕು ಸಲ ಕೇಳುತ್ತಾನೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಹಲ್ಲೆಲೂಯ ಕೂಡ ಇಲ್ಲ. ಇವನ್ನೆಲ್ಲ ನೆಗೆಟಿವ್ ಅಂತ ಹರಿದು ಹಾಕಲು ಆಗುತ್ತದಾ?

ಹಾಗಂತ ಗೊಣಗಿದ್ದೆಲ್ಲ ಸರಿ ಅನ್ನುತ್ತಿಲ್ಲ. ಎಲೀಯ ಹೇಳಿದ್ದು ದೇವರ ಹತ್ತಿರ. ನಾವು ಮಕ್ಕಳ ತಟ್ಟೆಗೆ ಅನ್ನ ಬಡಿಸುತ್ತಾ ಹೇಳುತ್ತೇವೆ. ಆ ಮಗು, ಅಮ್ಮನಿಗೆ ಸಾಕಾಗಿರುವುದು ನಾನೇ ಇರಬೇಕು ಅಂದುಕೊಳ್ಳುತ್ತದೆ. ಯಜಮಾನರು ತೀರಿಕೊಂಡ ಹೊಸತರಲ್ಲಿ ನಾನು ಬಟ್ಟೆ ಒಗೆಯುವಾಗ ನಲ್ಲಿ ಜೋರಾಗಿ ಬಿಟ್ಟುಕೊಂಡು ದೇವರಿಗೆ ಗಟ್ಟಿಯಾಗಿ ದೂರು ಹೇಳುತ್ತಿದ್ದೆ. ನಾನು ಯಾರ ಹತ್ತಿರವೋ ಜಗಳ ಆಡುತ್ತಿದ್ದೇನೆ ಅಂತ ಪಕ್ಕದ ಮನೆಯವರು ಅಂದುಕೊಂಡಿದ್ದರು. ಆಡುತ್ತಿದ್ದೆ, ನಿಜ. ಹೊರಗೆ ಬಂದಾಗ ಮಕ್ಕಳ ಮೇಲೆ ಹಾಯುವಷ್ಟು ಸಿಟ್ಟು ಉಳಿದಿರುತ್ತಿರಲಿಲ್ಲ.
– ನಿವೃತ್ತ ಶಿಕ್ಷಕಿ, ಮಂಗಳೂರು

ನಾನು ನರ್ಸ್. ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ನಿದ್ದೆ ಇಲ್ಲದ ಹೆಂಗಸು. ಪಾರ್ಶ್ವವಾಯು ಆಗಿ ಮಲಗಿದವರಿಗೆ ಬೆನ್ನು ಹುಣ್ಣಾಗದ ಹಾಗೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅಂದರೆ ರಾತ್ರಿ ಎಷ್ಟು ಸಲ ಏಳುತ್ತೀರಿ, ನೀವೇ ಲೆಕ್ಕ ಹಾಕಿ. ಹೀಗೆ ಎರಡು ವರ್ಷ ಎದ್ದವರ ಬಾಯಲ್ಲಿ ಜೇನು ಸುರಿಯುತ್ತದಾ? ನಮ್ಮ ವಾರ್ಡಿನಲ್ಲಿ ಸತತ ನೈಟ್ ಡ್ಯೂಟಿ ಮಾಡಿದ ಹುಡುಗಿಯರು ಬೆಳಗ್ಗೆ ಹೇಗೆ ಸಿಡಿಯುತ್ತಾರೆ ಅಂತ ದಿನಾ ನೋಡುತ್ತೇನೆ. ಅವರಿಗೆ ತಿಂಗಳಿಗೊಮ್ಮೆಯಾದರೂ ಡ್ಯೂಟಿ ಬದಲಾಗುತ್ತದೆ.

ಸತ್ಯವೇದದ ಅರಣ್ಯಕಾಂಡ 11ನೇ ಅಧ್ಯಾಯದಲ್ಲಿ ಮೋಶೆಯೂ ಇದನ್ನೇ ಹೇಳಿದ: ಇಷ್ಟೊಂದು ಜನರನ್ನು ನಾನೊಬ್ಬನೇ ಹೊರಲಾರೆ. ದೇವರು ಅವನಿಗೆ 70 ಮಂದಿ ಹಿರಿಯರನ್ನು ಜೊತೆಗೆ ಕೊಟ್ಟ. ನಿಮ್ಮ ಸಭೆಯ ಆ ಹಿರಿಯರ ಹೆಂಡತಿಗೆ ಹೇಳಿ, 70 ಬೇಡ ಆಂಟಿ, ಸ್ತ್ರೀಯರ ಕೂಟದಿಂದ ಇಬ್ಬರು ಬಂದು ಬುಧವಾರ ಮಧ್ಯಾಹ್ನ ಎರಡು ತಾಸು ಅತ್ತೆ ಹತ್ತಿರ ಕೂತರೆ ಸಾಕು. ಆ ಎರಡು ತಾಸು ನೀವು ಪಾತ್ರೆ ತೊಳೆಯಬೇಡಿ. ಮಲಗಿ. ಗಾಳಿ ತುಂಬುವ ಹಾಸಿಗೆ ಇನ್ನೂ ತಂದಿಲ್ಲದಿದ್ದರೆ ಡಾಕ್ಟರ್ ಹತ್ತಿರ ಕೇಳಿ, ಬಾಡಿಗೆಗೂ ಸಿಗುತ್ತದೆ. ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ, ಆದರೆ ಹುಣ್ಣಿನ ಭಯ ಕಡಿಮೆ. ನಿಮ್ಮ ಯಜಮಾನರು ಹಗಲು ಶಿಫ್ಟಿನ ವಾರ ರಾತ್ರಿಯ ಒಂದು ಸರದಿ ಹೊರಲಿ. ಅವರ ತಾಯಿ ತಾನೇ?
– ಶುಶ್ರೂಷಕಿ, ಹುಬ್ಬಳ್ಳಿ

ಆ ಹಿರಿಯರ ಹೆಂಡತಿಯನ್ನು ಎಲ್ಲರೂ ಬೈಯುತ್ತಾರೆ ಅಂತ ಗೊತ್ತು. ಅವರ ಪರವಾಗಿ ಒಂದು ಮಾತು ಬರಲಿ. ಜೀವ, ಮರಣ ಎರಡೂ ನಾಲಿಗೆಯ ವಶದಲ್ಲಿವೆ ಅಂತ ಜ್ಞಾನೋಕ್ತಿ 18 ಹೇಳುವುದು ಸುಮ್ನೆ ಅಲ್ಲ. ಅಂಗಡಿ ನಷ್ಟವಾದ ವರ್ಷ ನಾನು ದಿನಾ ‘ನಮ್ಮ ಕಥೆ ಮುಗೀತು’ ಅನ್ನುತ್ತಿದ್ದೆ. ಮನೆಯಲ್ಲಿ ಎಲ್ಲರ ಮುಖ ಸಪ್ಪಗಾಯಿತು, ಮಗ ಓದುವುದನ್ನೇ ಬಿಟ್ಟ. ನಮ್ಮ ಪ್ರಾರ್ಥನಾ ಗುಂಪಿನವರು ಬೆಳಗ್ಗೆ ಎದ್ದ ಕೂಡಲೇ ದೇವರು ಮಾಡಿದ ಮೂರು ಉಪಕಾರ ಬಾಯಿಬಿಟ್ಟು ಹೇಳಿ ಅಂದರು. ಮೊದಲ ವಾರ ನಗು ಬರುತ್ತಿತ್ತು. ‘ಹಾಲು ಒಡೆಯಲಿಲ್ಲ, ಸ್ತೋತ್ರ’ ಅಂತೆಲ್ಲ ಹೇಳುತ್ತಿದ್ದೆ. ಸಾಲ ತೀರಿದ್ದು ಅದರಿಂದ ಅಲ್ಲ, ಸೈಟು ಮಾರಿದ್ದರಿಂದ. ಆದರೆ ಮನೆ ಮತ್ತೆ ಮನೆಯಾಗಿದ್ದು ಅದರಿಂದಲೇ.
– ಗೃಹಿಣಿ, ಬೆಂಗಳೂರು

ನನ್ನದು ಸ್ವಲ್ಪ ಕಹಿ ಉತ್ತರ, ಕ್ಷಮಿಸಿ. ನಮ್ಮ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಅವರು ಹೋಗುತ್ತಿದ್ದ ಒಂದು ಕೂಟದಲ್ಲಿ ‘ಕಾಯಿಲೆ ಇದೆ ಅಂತ ಬಾಯಲ್ಲಿ ಹೇಳಬಾರದು, ಗುಣವಾಯಿತು ಅನ್ನಬೇಕು’ ಅಂತ ಕಲಿಸಿದರು. ಗುಣವಾಯಿತು ಅಂದ ಮೇಲೆ ಮಾತ್ರೆ ತಿಂದರೆ ಅವಿಶ್ವಾಸ ಅಲ್ವಾ? ಬಿಟ್ಟರು. ಕಾಲಿನ ಗಾಯವನ್ನು ನಮಗೂ ತೋರಿಸಲಿಲ್ಲ, ಕಾಲುಚೀಲ ಹಾಕಿಕೊಂಡೇ ಮಲಗುತ್ತಿದ್ದರು. ವಾಸನೆ ಬಂದು ನಮಗೆ ಗೊತ್ತಾಯಿತು. ಎರಡು ಬೆರಳು ತೆಗೆದರು. ಆಸ್ಪತ್ರೆಯಲ್ಲಿ ಅಪ್ಪ ಅತ್ತಿದ್ದು ಬೆರಳು ಹೋದದ್ದಕ್ಕಲ್ಲ, ತನ್ನ ವಿಶ್ವಾಸ ಸಾಲಲಿಲ್ಲ ಅಂತ.

ಯೇಸುವಿನ ಸುವಾರ್ತೆ ಸಾರಿದ ಪೌಲನು ತನ್ನ ಶರೀರದಲ್ಲಿ ಮುಳ್ಳು ನಾಟಿದೆ ಅಂತ ಕೊರಿಂಥದವರಿಗೆ ಪತ್ರದಲ್ಲೇ ಬರೆದ. ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡೆ, ದೇವರು ತೆಗೆಯಲಿಲ್ಲ ಅಂತಲೂ ಬರೆದ. ಮುಚ್ಚಿಡಲಿಲ್ಲ. ಅಕ್ಕಾ, ಚರ್ಚಿನಲ್ಲಿ ಒಬ್ಬರ ಹತ್ತಿರವಾದರೂ ‘ಚೆನ್ನಾಗಿಲ್ಲ’ ಅಂತ ಹೇಳಿ. ಒಬ್ಬರು ಸಾಕು.
– ಓದುಗ, ಕೋಲಾರ

ನಾನು ಗಂಡಸು, ಗೊಣಗುವ ಗಂಡಸು. ನಿಮ್ಮ ಹಾಗೆ ಕೂಗುವುದಿಲ್ಲ, ಚುಚ್ಚುತ್ತೇನೆ. ಸಾರಿಗೆ ಉಪ್ಪು ಕಮ್ಮಿಯಾದರೆ ‘ಉಪ್ಪಿನ ರೇಟು ಜಾಸ್ತಿ ಆಯ್ತಾ?’ ಅನ್ನುವ ಜಾತಿ. ನಾಲಿಗೆಯನ್ನು ಯಾವ ಮನುಷ್ಯನೂ ಪಳಗಿಸಲಾರ ಅಂತ ಸತ್ಯವೇದದ ತನ್ನ ಪತ್ರದಲ್ಲಿ ಯಾಕೋಬನೇ ಕೈಚೆಲ್ಲಿದ್ದಾನೆ. ಅದಕ್ಕೇ ನಾನು ನಾಲಿಗೆ ಪೂರ್ತಿ ಪಳಗಿಸಲು ಹೋಗಲಿಲ್ಲ, ಒಂದು ಪದ ಬಿಟ್ಟೆ: ‘ಯಾವಾಗ್ಲೂ’. ನೀನು ಯಾವಾಗ್ಲೂ ಹೀಗೇ, ಯಾವಾಗ ನೋಡಿದ್ರೂ ಹಾಗೇ. ಅದೊಂದು ಹೋದರೆ ಜಗಳ ಇವತ್ತಿನ ಸಾರಿಗೇ ನಿಲ್ಲುತ್ತದೆ, 15 ವರ್ಷದ ಹಿಂದಿನ ಮದುವೆಯ ಸಾರಿನವರೆಗೆ ಹೋಗುವುದಿಲ್ಲ. ಹೆಂಡತಿ ಇನ್ನೂ ಪೂರ್ತಿ ಒಪ್ಪಿಲ್ಲ. ಚುಚ್ಚುವುದು ಅರ್ಧ ಕಮ್ಮಿ ಆಗಿದೆಯಂತೆ.
– ವ್ಯಾಪಾರಿ, ದಾವಣಗೆರೆ

ನಾವು ಕಥೋಲಿಕರು, ಊರು ಉಡುಪಿ ಕಡೆ, ಕೆಲಸ ಕುವೈತಿನಲ್ಲಿ. ಪೋಪ್ ಫ್ರಾನ್ಸಿಸ್ 2017ರಲ್ಲಿ ತಮ್ಮ ಕೋಣೆಯ ಬಾಗಿಲಿಗೆ ‘ಗೊಣಗಬಾರದು’ ಅಂತ ಬೋರ್ಡ್ ಹಾಕಿಸಿದ್ದು ನೆನಪಿದೆಯಾ? ನನಗೆ ಅದು ಬಹಳ ಹಿಡಿಸಿತು. ಈಸ್ಟರ್ ಹಬ್ಬಕ್ಕೆ ಮುಂಚಿನ ಒಂದು ತಪಸ್ಸು ಕಾಲದಲ್ಲಿ ಮಾಂಸದ ಜೊತೆ ಗೊಣಗಾಟವನ್ನೂ ಬಿಡುತ್ತೇನೆ ಅಂತ ಹೊರಟೆ. ಮಾಂಸ 40 ದಿನವೂ ಬಿಟ್ಟೆ. ಗೊಣಗಾಟ ಮೊದಲ ದಿನ, ವಿಭೂತಿ ಬುಧವಾರ ಸಂಜೆ ಟ್ರಾಫಿಕ್‌ವರೆಗೆ. ಅದೇ ಪೋಪ್ ಇನ್ನೊಂದು ಕಡೆ ದೇವರ ಹತ್ತಿರ ದೂರುವುದೂ ಒಂದು ಪ್ರಾರ್ಥನೆಯೇ ಅಂದಿದ್ದಾರೆ, ಹಾಗಾಗಿ ಆ ಬೋರ್ಡು ದೇವರ ಕಡೆಯ ಬಾಗಿಲಿಗೆ ಅಲ್ಲ ಅಂತ ನನ್ನ ಲೆಕ್ಕ. ಮನೆಯಲ್ಲಿ ದಿನಾ ಬೇಕಾದವು ಮೂರೇ ಅಂತಲೂ ಅವರು ಹೇಳುತ್ತಿದ್ದರು: ಮಾಡಬಹುದಾ, ಥ್ಯಾಂಕ್ಸ್, ಸಾರಿ. ನಿಮ್ಮ ಮಗಳಿಗೆ ಸಾರಿ ಹೇಳಿದಿರಾ? ಅವಳು ತಪ್ಪೇನೂ ಹೇಳಿಲ್ಲ. ಅಮ್ಮ ಆಮೇಲೆ ಮೂಕಿಯಾದದ್ದು ತನ್ನಿಂದಲೇ ಅಂತ ಅವಳು ಒಳಗೊಳಗೇ ಕೊರಗುತ್ತಿರಬಹುದು.
– ಓದುಗಿ, ಕುವೈತ್

ನಾನು ನಿಮ್ಮತ್ತೆಯ ಜಾಗದಲ್ಲಿ ಇರುವವಳು. ಎಡಗೈ, ಎಡಗಾಲು ಬರುವುದಿಲ್ಲ. ಮೊಮ್ಮಗನ ಕೈಯಲ್ಲಿ ಬರೆಸುತ್ತಿದ್ದೇನೆ. ಮಲಗಿದವರಿಗೆ ಕಿವಿ ಜಾಸ್ತಿ ಕೇಳುತ್ತದೆ ಮಗಾ. ಅಡುಗೆಮನೆಯಲ್ಲಿ ಪಾತ್ರೆ ಇಡುವ ಸದ್ದಿನಲ್ಲೇ ಸೊಸೆಯ ಮನಸ್ಸು ಹೇಗಿದೆ ಅಂತ ನನಗೆ ಗೊತ್ತಾಗುತ್ತದೆ. ಅವಳು ಗೊಣಗುತ್ತಾ ನನ್ನ ತಲೆ ಬಾಚಿದರೆ ನನಗೆ ಬೇಜಾರಿಲ್ಲ, ಬಾಚುತ್ತಾಳಲ್ಲ. ಅವಳು ಮಾತು ನಿಲ್ಲಿಸಿದ ದಿನ ಮಾತ್ರ ಹೆದರಿಕೆಯಾಗುತ್ತದೆ. ನೀವು ಮೂಕಿ ಥರ ಇದ್ದೀರಿ ಅಂತ ಮೊಮ್ಮಗ ಓದಿ ಹೇಳಿದಾಗ ನಿಮ್ಮತ್ತೆ ನೆನಪಾದರು.

ನನಗೂ ಒಂದು ತಪ್ಪು ಕಂಡಿತು. ಬೆಳಗ್ಗೆ ಸಂಜೆ ‘ದೇವರಿಗೆ ಸ್ತೋತ್ರ’ ಅನ್ನುವ ಬಾಯಿಂದ ಅವಳಿಗೆ ಒಂದು ಒಳ್ಳೆ ಮಾತು ಹೇಳಿರಲಿಲ್ಲ. ಮೊನ್ನೆ ರಾತ್ರಿ ಮಗ್ಗುಲು ಬದಲಿಸಲು ಬಂದಾಗ, ‘ನಿಂಗೂ ಸಾಕಾಗಿದೆ, ಹೋಗಿ ಮಲಕ್ಕೋ ಮಗಾ’ ಅಂದೆ. ಅವಳು ಹೋಗಲಿಲ್ಲ. ದೀಪ ಆರಿಸಿ ನನ್ನ ಕಾಲ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದಳು.
– ಅಜ್ಜಿ, ಚಿಕ್ಕಮಗಳೂರು