ಹಸು 21 ದಿನಕ್ಕೆ ಸರಿಯಾಗಿ ತಿರುಗಿ ಬೆದೆಗೆ ಬರ್ತಿದೆ. ಅಂಡನಾಳದ ತೊಂದರೆ ಇರಬಹುದಾ?

ಅರಕಲಗೂಡು_ಕೊಟ್ಟಿಗೆ:
ನಮ್ಮದು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಷಿಯನ್) ಕ್ರಾಸ್, ಎರಡು ಕರು ಹಾಕಿರೋ ಹಸು. ಹೋದ ಸಲ ಕರು ಹಾಕಿದ ಮೇಲೆ ಕಸ (ಮಾಸು) ಬೀಳೋದು ತಡ ಆಗಿ ಔಷಧಿ ಕೊಡಿಸಿದ್ವಿ. ಈಗ ಬೆದೆ ಕ್ರಮವಾಗಿ ಬರುತ್ತೆ, ಲೋಳೆ ತಿಳಿಯಾಗೇ ಇದೆ, ಆದ್ರೆ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದ್ರೆ ಗಬ್ಬ ನಿಲ್ತಿಲ್ಲ. ಕೈ ಹಾಕಿ ನೋಡಿದವರು ಗರ್ಭಕೋಶ ಚೆನ್ನಾಗಿದೆ ಅಂದ್ರು. ಡೇರಿ ಹತ್ರ ಒಬ್ರು "ನಾಳ ಕಟ್ಟಿರಬಹುದು" ಅಂತಾರೆ. ಅದು ಅಂಡ ಇಳಿದು ಬರೋ ಕೊಳವೆ ತಾನೆ? ಅಲ್ಲಿ ಅಂಥ ಕೆಲಸ ಏನು ನಡೆಯುತ್ತೆ? ಮನೇಲಿ ಮಾರಿಬಿಡೋಣ ಅಂತಿದ್ದಾರೆ, ನಂಗೆ ಮನಸ್ಸಿಲ್ಲ.

ಹಾಸನ_ಪಶುವೈದ್ಯೆ:
ಮಾರೋ ಮಾತು ಸದ್ಯಕ್ಕೆ ಬೇಡ ಅಕ್ಕ. ನೀವು ಕೇಳಿದ್ದು ಬಹಳ ಒಳ್ಳೆ ಪ್ರಶ್ನೆ. ಗಬ್ಬದ ಮೊದಲ ನಾಲ್ಕು ದಿನ ನಡೆಯೋದು ಗರ್ಭಕೋಶದಲ್ಲಲ್ಲ, ಆ ನಾಳದಲ್ಲೇ.

ಹಸುವಿನ ಅಂಡನಾಳ ಒಂದೊಂದು ಬದಿಗೆ 20ರಿಂದ 25 ಸೆಂ.ಮೀ. ಉದ್ದ. ಒಳಪದರದಲ್ಲಿ ಎರಡು ಬಗೆಯ ಜೀವಕೋಶಗಳಿವೆ: ಕೆಲವಕ್ಕೆ ಅಲುಗಾಡುವ ಸಣ್ಣ ರೋಮ, ಉಳಿದವು ದ್ರವ ಸ್ರವಿಸುತ್ತವೆ. ಓದುವಾಗ ಕುರಿಯ ಅಂಡನಾಳದಿಂದ ಈ ಪದರ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ. ಕೆರೆದ ಚೂರುಗಳು ರೋಮ ಹೊರಗೆ ಮಾಡಿಕೊಂಡು ಪುಟ್ಟ ಉಂಡೆಗಳಾದವು, ರೋಮ ಬಡಿಯುವ ರಭಸಕ್ಕೆ ಉಂಡೆಯೇ ಗಿರಗಿರ ತಿರುಗುತ್ತಿತ್ತು. ವೀರ್ಯಾಣು ಬಿಟ್ಟಾಗ ತಲೆಯನ್ನು ರೋಮಕ್ಕೆ ಅಂಟಿಸಿ, ಬಾಲ ಆಡಿಸುತ್ತಾ ನಿಂತುಬಿಟ್ಟವು. ಅಂಟಿಕೊಂಡವು ಹೆಚ್ಚು ಹೊತ್ತು ಬದುಕುತ್ತವೆ, ಸುಮ್ಮನೆ ತೇಲುವವು ಬೇಗ ಸೋಲುತ್ತವೆ.

ಹಸುವಿನೊಳಗೂ ಹೀಗೇ. ಕೋಟಿಗಟ್ಟಲೆ ವೀರ್ಯಾಣು ಒಳಗೆ ಬಿಟ್ಟರೂ ನಾಳ ಮುಟ್ಟೋದು ಕೆಲವೇ ಸಾವಿರ. ನಾಳದ ಕೆಳಭಾಗದ ಜೀವಕೋಶಗಳು ಅವನ್ನು ಹಿಡಿದಿಟ್ಟು, ಅಂಡ ಬರುವ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಮೇಲಿನ ಅಗಲವಾದ ಭಾಗದಲ್ಲಿ ಅಂಡ ಫಲಿತವಾಗುತ್ತೆ. ಆಮೇಲೆ ಭ್ರೂಣ ಅಲ್ಲೇ ಎರಡು, ನಾಲ್ಕು, ಎಂಟು ಜೀವಕೋಶವಾಗಿ ಒಡೆಯುತ್ತಾ, ನಾಲ್ಕೈದನೇ ದಿನ ಗರ್ಭಕೋಶಕ್ಕೆ ಇಳಿಯುತ್ತೆ. ಆ ದಿನಗಳಲ್ಲಿ ಅದನ್ನು ಸಾಕೋದು ನಾಳದ ದ್ರವ.

ಕಡೂರು_ಹಳ್ಳಿಕಾರ್:
ಮೇಡಂ, ನಾಳವೇ ವೀರ್ಯಾಣು ಕಾಪಾಡಿ ಇಟ್ಟುಕೊಳ್ಳೋದಾದ್ರೆ, ಬೆದೆ ಕಂಡ ತಕ್ಷಣ ಸೂಜಿ ಹಾಕಿಸಿದ್ರೆ ಆಗಲ್ವಾ? ಸಂಜೆವರೆಗೆ ಯಾಕೆ ಕಾಯಬೇಕು? ಹೋರಿ ಬಿಟ್ಟಾಗ ನಾವು ಹೊತ್ತು ನೋಡ್ತಿರಲಿಲ್ಲ.

ಹಾಸನ_ಪಶುವೈದ್ಯೆ:
ಹೋರಿಯದು ತಾಜಾ ವೀರ್ಯ ಸರ್, ವ್ಯತ್ಯಾಸ ಅಲ್ಲೇ ಇರೋದು. ಹೆಪ್ಪುಗಟ್ಟಿಸಿ ಕರಗಿಸಿದ ವೀರ್ಯಾಣುವಿನ ಹೊರಪೊರೆ ಆಗಲೇ ಅರ್ಧ ಸವೆದು, ಅಂಡ ಸೇರುವ ತಯಾರಿ ಅವಧಿಗೆ ಮುಂಚೆಯೇ ಶುರುವಾಗಿರುತ್ತೆ. ನಾಳದ ಗೋಡೆಗೆ ಅವು ತಾಜಾ ವೀರ್ಯಾಣುವಿನಷ್ಟು ಗಟ್ಟಿಯಾಗಿ ಅಂಟಲ್ಲ, ಆಯಸ್ಸೂ ಕಡಿಮೆ. ಅಂಡ ಬಿಡುಗಡೆಯಾಗೋದು ಬೆದೆ ಮುಗಿದು 10-12 ಗಂಟೆಗೆ. ತೀರಾ ಬೇಗ ಹಾಕಿದ್ರೆ ವೀರ್ಯಾಣು ಮೊದಲೇ ಸಾಯುತ್ತೆ, ತೀರಾ ತಡ ಮಾಡಿದ್ರೆ ಅಂಡ ಹಳಸುತ್ತೆ. ಅದಕ್ಕೇ ಬೆಳಗ್ಗೆ ಕಂಡದ್ದಕ್ಕೆ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಗ್ಗೆ.

ನಾಳದ ಕೆಲಸ ಎಷ್ಟು ದೊಡ್ಡದು ಅನ್ನೋಕೆ ಇನ್ನೊಂದು ಮಾತು. ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸೋಕೆ ಇವತ್ತಿಗೂ ಬಳಸುವ ಒಂದು ದ್ರಾವಣವನ್ನು 1972ರಲ್ಲಿ ಕುರಿಯ ಅಂಡನಾಳದ ದ್ರವದಲ್ಲಿ ಏನೇನಿದೆ ಅಂತ ನೋಡಿಯೇ ತಯಾರಿಸಿದ್ದು. ಹಸುವಿನ ಭ್ರೂಣವನ್ನು ಕುರಿಯ ನಾಳದೊಳಗೆ ಇಟ್ಟು ಬೆಳೆಸಿದವರೂ ಇದ್ದಾರೆ. ಹಾಗೆ ಬೆಳೆದ ಭ್ರೂಣ, ತಟ್ಟೆಯಲ್ಲಿ ಬೆಳೆದದ್ದಕ್ಕಿಂತ ಹೆಪ್ಪುಗಟ್ಟಿಸಿ ಕರಗಿಸಿದಾಗ ಚೆನ್ನಾಗಿ ಬದುಕಿತು. ಬೇರೆ ಜಾತಿಯ ಪ್ರಾಣಿಯ ನಾಳವೇ ಅಷ್ಟು ಮಾಡಿದರೆ, ಸ್ವಂತ ತಾಯಿಯದು ಎಷ್ಟು ಮಾಡಬಹುದು ಯೋಚಿಸಿ.

ಅರಕಲಗೂಡು_ಕೊಟ್ಟಿಗೆ:
ಅಂದ್ರೆ ನಮ್ಮ ಹಸುವಿನಲ್ಲಿ ಅಂಡ ಫಲಿತವೇ ಆಗ್ತಿಲ್ವಾ, ಅಥವಾ ಆಗಿ ಸಾಯ್ತಿದೆಯಾ?

ಹಾಸನ_ಪಶುವೈದ್ಯೆ:
ಬೆದೆ ನೋಡಿ ಅದು ಗೊತ್ತಾಗಲ್ಲ ಅಕ್ಕ. "ನಾನಿದ್ದೀನಿ" ಅಂತ ಭ್ರೂಣ ತಾಯಿಗೆ ಸೂಚನೆ ಕೊಡೋದು ಸುಮಾರು 16ನೇ ದಿನ. ಅದಕ್ಕೆ ಮುಂಚೆ ಸತ್ತರೆ ಹಸು ಏನೂ ಆಗದ ಹಾಗೆ 21ಕ್ಕೇ ಬೆದೆಗೆ ಬರುತ್ತೆ. ಅದಕ್ಕೇ "ಸೂಜಿ ಸರಿಯಿಲ್ಲ, ಸೆಮೆನ್ ಸರಿಯಿಲ್ಲ" ಅಂತ ಸುಮ್ಮನೆ ದೂರೋದು ಬೇಡ ಅನ್ನೋದು ನಾನು.

ಕಸ ತಡವಾಗಿತ್ತು ಅಂದಿರಲ್ಲ, ನನ್ನ ಅನುಮಾನ ಅದರ ಮೇಲೆ. ಸೋಂಕು ನಾಳದವರೆಗೆ ಏರಿದರೆ ಒಳಪದರದ ರೋಮ ಹಾಳಾಗಬಹುದು, ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಕೈ ಹಾಕಿದಾಗ ಇದು ಅಷ್ಟು ಸುಲಭವಾಗಿ ಸಿಗಲ್ಲ. ಪಿ.ಎಸ್.ಪಿ. ಬಣ್ಣದ ಪರೀಕ್ಷೆ ಅಂತಿದೆ: ಗರ್ಭಕೋಶದೊಳಗೆ ಬಣ್ಣ ಬಿಡ್ತಾರೆ, ನಾಳ ತೆರೆದಿದ್ದರೆ ಅದು ಹೊಟ್ಟೆಗೆ ದಾಟಿ, ರಕ್ತ ಸೇರಿ, ಗಂಜಲದಲ್ಲಿ ಬರುತ್ತೆ. ಆ ಗಂಜಲಕ್ಕೆ ಕ್ಷಾರ ಬೆರೆಸಿದ್ರೆ ಕೆಂಪಾಗುತ್ತೆ. ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೇಳಿ ನೋಡಿ. ಒಂದೇ ಬದಿ ಕಟ್ಟಿದ್ದರೆ, ಇನ್ನೊಂದು ಬದಿಯಿಂದ ಅಂಡ ಬಂದ ಬೆದೆಯಲ್ಲಿ ನಿಲ್ಲುವ ಅವಕಾಶ ಇದ್ದೇ ಇರುತ್ತೆ.

ಕೊಟ್ಟಿಗೆಗೆ ತಗಡಿನ ಸೂರಾ? ಹಾಗಿದ್ದರೆ ಸೂಜಿ ಹಾಕಿಸಿದ ಮೇಲೆ ಎರಡು ಮೂರು ದಿನ ಮಧ್ಯಾಹ್ನ ಮರದ ನೆರಳಲ್ಲಿ ಕಟ್ಟಿ, ಮೈಗೆ ನೀರು ಹಾಕಿ. ಒಂದು ದಿನದ ಭ್ರೂಣಕ್ಕೆ ತಾಯಿಯ ಮೈಬಿಸಿ ಏರಿದ್ರೆ ತಡೆಯಲ್ಲ, ಮೂರನೇ ದಿನದ ಹೊತ್ತಿಗೆ ಸ್ವಲ್ಪ ತಾಳಿಕೆ ಬರುತ್ತೆ.

ಅರಕಲಗೂಡು_ಕೊಟ್ಟಿಗೆ:
ತಗಡೇ ಮೇಡಂ. ಹಿತ್ತಲಲ್ಲಿ ಹಲಸಿನ ಮರ ಇದೆ, ಅಲ್ಲೇ ಕಟ್ತೀವಿ. ಈ ಸಲ ಸೂಜಿ ಹಾಕಿಸೋ ಮೊದಲೇ ಹಾಸನಕ್ಕೆ ಕರ್ಕೊಂಡು ಹೋಗೋಕೆ ಗಾಡಿ ಹೇಳ್ತೀನಿ. ಕಸದ ಔಷಧಿ ಚೀಟಿ ಮನೇಲೇ ಇದೆ, ಅದನ್ನೂ ತರಬೇಕಾ?

ಹಾಸನ_ಪಶುವೈದ್ಯೆ:
ಖಂಡಿತ ತನ್ನಿ. ಬೆದೆಗೆ ಬಂದ ತಾರೀಖು, ಸೂಜಿ ಹಾಕಿಸಿದ ಹೊತ್ತು ಎಲ್ಲಾ ಒಂದು ಹಾಳೆಯಲ್ಲಿ ಬರ್ಕೊಂಡು ಬನ್ನಿ.