ಸಾಂತ್ವನಕ್ಕೆಂದು ವಾಕ್ಯ ಕಳುಹಿಸಿದೆ, ಅತ್ತಲಿಂದ ಉತ್ತರವೇ ಬರಲಿಲ್ಲ

ಸಾಸಿವೆಕಾಳು (ಪ್ರಶ್ನೆ):

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನನ್ನಲ್ಲಿ ಎರಡು ಪ್ರಶ್ನೆಗಳಿವೆ. ಅವು ಬೇರೆ ಬೇರೆಯಾಗಿ ಕಂಡರೂ ನನ್ನ ಬದುಕಿನಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಟ್ಟಿಗೇ ಕೇಳುತ್ತಿದ್ದೇನೆ.

ಹಾಸಿಗೆ ಹಿಡಿದಿರುವ ತಾಯಿಯನ್ನು ನೋಡಿಕೊಳ್ಳುತ್ತಲೇ ಕೆಲಸಕ್ಕೂ ಹೋಗಿಬರುತ್ತಿದ್ದೇನೆ. ವರ್ಷದೊಳಗೆ ಸತ್ಯವೇದದ (ಬೈಬಲಿನ) 1189 ಅಧ್ಯಾಯಗಳನ್ನೂ ಓದಿ ಮುಗಿಸಬೇಕೆಂದು ನಿರ್ಧರಿಸಿ, ದಿನಕ್ಕೆ ಮೂರು ನಾಲ್ಕು ಅಧ್ಯಾಯಗಳಂತೆ ಬೆಳಗಿನ ಜಾವ ಓದುತ್ತಿದ್ದೇನೆ. ಓದು ತಪ್ಪಿಲ್ಲ, ಆದರೆ ಕೆಲವು ತಿಂಗಳುಗಳಿಂದ ಓದಿದ್ದು ಮನಸ್ಸಿಗೆ ತಾಗುತ್ತಿಲ್ಲ. ಪುಸ್ತಕ ಮುಚ್ಚಿದ ಐದು ನಿಮಿಷಕ್ಕೆ ಏನು ಓದಿದೆನೆಂಬುದೇ ನೆನಪಿರುವುದಿಲ್ಲ. ದೇವರ ವಾಕ್ಯದಿಂದ ಬಲ ಹೊಂದುವುದೆಂದರೆ ಇದೇ ಆಗಿರಲಾರದು ಎಂದು ಒಳಗೊಳಗೇ ಅನ್ನಿಸುತ್ತಿದೆ.

ಇಂಥ ಸ್ಥಿತಿಯಲ್ಲಿರುವಾಗಲೇ ನನ್ನ ಸಹೋದ್ಯೋಗಿಯೊಬ್ಬರು ಗಂಡನನ್ನು ಕಳೆದುಕೊಂಡರು. ಅವರು ಕ್ರೈಸ್ತರಲ್ಲ. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲಿ ಅವರು, "ಮನೆಯಲ್ಲಿ ಅಷ್ಟು ಕಷ್ಟ ಇಟ್ಟುಕೊಂಡು ನೀವು ಹೇಗೆ ತಡೆದುಕೊಳ್ಳುತ್ತೀರಿ?" ಎಂದು ನನ್ನನ್ನು ಕೇಳಿದರು. ನನಗೆ ಬಾಯೇ ಬರಲಿಲ್ಲ. ಏನೋ ತೊದಲಿ ಎದ್ದುಹೋದೆ. ಆ ರಾತ್ರಿ ಅಪರಾಧಿ ಭಾವದಿಂದ ಯೆರೆಮೀಯ 29:11ನ್ನು, ನಿಮಗೆ ನಿರೀಕ್ಷೆಯನ್ನೂ ಮುಂದಿನ ಒಳ್ಳೆಯ ಕಾಲವನ್ನೂ ಕೊಡುವ ಆಲೋಚನೆ ದೇವರಿಗಿದೆ ಎಂಬ ಮಾತನ್ನು, ಅವರ ಫೋನಿಗೆ ಕಳುಹಿಸಿದೆ. ಅವರು ಉತ್ತರಿಸಲಿಲ್ಲ. ಅಂದಿನಿಂದ ನನ್ನೊಡನೆ ಕೆಲಸದ ಮಾತಷ್ಟೇ ಆಡುತ್ತಾರೆ. ನಾನು ಸಾಕ್ಷಿ ಹೇಳಿದೆನೋ, ಅವರ ಗಾಯವನ್ನು ಕೆದಕಿದೆನೋ ತಿಳಿಯದಾಗಿದೆ. ನನಗೇ ಬಲ ಸಿಗದ ಓದಿನಿಂದ ಇನ್ನೊಬ್ಬರಿಗೆ ಏನನ್ನು ಹಂಚಲು ಸಾಧ್ಯ? ಹಂಚಿದರೂ ಹೇಗೆ ಹಂಚಬೇಕು?

ದೀಪಸ್ತಂಭ:

ಸಹೋದರಿ, ನೀವು ಕಳುಹಿಸಿದ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಎರಡೂ ಪ್ರಶ್ನೆಗಳಿಗೆ ಬೇಕಾದದ್ದು ಆ ಅಧ್ಯಾಯದಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಯೆರೆಮೀಯ 29 ಒಂದು ಪತ್ರ. ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಒಯ್ಯಲ್ಪಟ್ಟವರಿಗೆ ಪ್ರವಾದಿಯಾದ ಯೆರೆಮೀಯನು ಅದನ್ನು ಬರೆದು ಕಳುಹಿಸಿದನು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬವನು ದೇವಾಲಯದಲ್ಲಿ ನಿಂತು, ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ, ಸೆರೆಹೋದವರು ಮರಳುತ್ತಾರೆ ಎಂದು ಎಲ್ಲರ ಮುಂದೆ ಸಾರುತ್ತಾನೆ. ಅದು ಕಿವಿಗೆ ಇಂಪಾದ ಸುಳ್ಳು. ಯೆರೆಮೀಯನ ಪತ್ರವಾದರೋ 70 ವರ್ಷಗಳ ಮಾತನ್ನಾಡುತ್ತದೆ. ಅಷ್ಟು ಕಾಲವೆಂದರೆ, ಆ ಪತ್ರವನ್ನು ಓದಿಸಿಕೊಂಡು ಕೇಳಿದ ವಯಸ್ಕರಲ್ಲಿ ಹೆಚ್ಚಿನವರು ಊರನ್ನು ಮತ್ತೆ ನೋಡದೆಯೇ ಸಾಯುವರೆಂದೇ ಅರ್ಥ. ಅಂಥವರಿಗೆ ಪ್ರವಾದಿಯು ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ, ನೀವು ಸೆರೆಯಲ್ಲಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಬರೆಯುತ್ತಾನೆ. ಹನ್ನೊಂದನೆಯ ವಚನ ಬರುವುದು ಇಷ್ಟೆಲ್ಲ ಆದಮೇಲೆ.

ಆ ವಚನವನ್ನು ಪತ್ರದಿಂದ ಕಿತ್ತು ಒಂಟಿಯಾಗಿ ಕಳುಹಿಸಿದಾಗ, ಈಗಷ್ಟೇ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಅದು ಯೆರೆಮೀಯನ ಮಾತಾಗಿ ಕೇಳಿಸದೆ ಹನನ್ಯನ ಮಾತಾಗಿ ಕೇಳಿಸಿರಬಹುದು. ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ನಾನೂ ಸಾವಿನ ಮನೆಗಳಲ್ಲಿ ಇದೇ ವಾಕ್ಯವನ್ನು ಹೇಳಿ, ಕೇಳಿದವರ ಮುಖ ಬಾಡಿದ್ದನ್ನು ಕಂಡ ಮೇಲೆಯೇ ಪತ್ರವನ್ನು ಮೊದಲಿನಿಂದ ಓದಿದವನು.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರನ್ನು ನಾವು ಸುಲಭವಾಗಿ ದೂರುತ್ತೇವೆ. ಆದರೆ ಅವರು ಬಂದ ಮೊದಲಲ್ಲಿ ಅವನೊಡನೆ ಏಳು ದಿನ ಏಳು ರಾತ್ರಿ ನೆಲದ ಮೇಲೆ ಕುಳಿತರು, ಅವನ ದುಃಖವು ಎಷ್ಟು ದೊಡ್ಡದೆಂದು ಕಂಡು ಒಂದು ಮಾತೂ ಆಡಲಿಲ್ಲ. ಅವರು ತಪ್ಪಿದ್ದು ಬಾಯಿ ತೆರೆದ ಮೇಲೆ. ನಿಮಗೆ ಅಂದು ಬಾಯಿ ಬರಲಿಲ್ಲವೆಂದು ಬರೆದಿದ್ದೀರಿ. ಆ ಮೌನಕ್ಕೆ ನೀವು ನಾಚಬೇಕಾಗಿರಲಿಲ್ಲ, ಅಲ್ಲೇ ಇನ್ನಷ್ಟು ಹೊತ್ತು ಕುಳಿತಿದ್ದರೆ ಸಾಕಾಗಿತ್ತು.

ಸತ್ಯವೇದವು ದುಃಖಕ್ಕೆ ಕೊಟ್ಟಿರುವ ಜಾಗವನ್ನು ನಾವು ಮರೆತಿದ್ದೇವೆ. ಸತ್ಯವೇದದ ಪ್ರಾರ್ಥನಾಗೀತೆಗಳಾದ ಕೀರ್ತನೆಗಳನ್ನೇ ನೋಡಿ. 13ನೆಯ ಕೀರ್ತನೆಯಲ್ಲಿ ಇರುವುದು ಆರೇ ವಚನಗಳು. ಅದರ ಮೊದಲ ಎರಡು ವಚನಗಳಲ್ಲೇ "ಎಷ್ಟರವರೆಗೆ" ಎಂಬ ಕೂಗು ನಾಲ್ಕು ಸಲ ಬರುತ್ತದೆ. 88ನೆಯ ಕೀರ್ತನೆಯಂತೂ ಸ್ತುತಿಯ ಕಡೆಗೆ ತಿರುಗದೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ದೇವರನ್ನೇ ಕುರಿತ ಪ್ರಾರ್ಥನೆ. ಯೇಸು ಸ್ವಾಮಿ ಶಿಲುಬೆಯ ಮೇಲೆ ಕೂಗಿದ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಎಂಬ ಮಾತು 22ನೆಯ ಕೀರ್ತನೆಯ ಮೊದಲ ಸಾಲು. ಕಡು ಸಂಕಟದ ಘಳಿಗೆಯಲ್ಲಿ ಆತನ ನಾಲಿಗೆಗೆ ಬಂದದ್ದು ದೂರಿನ ಕೀರ್ತನೆ. ಅದನ್ನೇ ನೀವು ನಿಮ್ಮ ತಾಯಿಯ ಹಾಸಿಗೆಯ ಪಕ್ಕದಲ್ಲಿ ಓದಿದರೆ ಅದು ಅವಿಶ್ವಾಸವಾಗುವುದಿಲ್ಲ.

ಬರಿಗಾಲ ಯಾತ್ರಿಕ:

ಮೇಲಿನ ಸಹೋದರರ ಮಾತನ್ನು ಒಪ್ಪುತ್ತೇನೆ. ಓದು ಒಣಗಿದೆ ಎಂದಿರಲ್ಲ, ಅದರ ಬಗ್ಗೆ ಮಾತ್ರ ಎರಡು ಮಾತು.

ನೀವು ದಣಿದಿದ್ದೀರಿ. ಇದನ್ನು ಆತ್ಮಿಕ ಸೋಲೆಂದು ತಿಳಿಯುವ ಮೊದಲು 1 ಅರಸುಗಳು 19ನ್ನು ನೋಡಿ. ಪ್ರವಾದಿಯಾದ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿಕೊಳ್ಳುತ್ತಾನೆ. ದೇವದೂತನು ಅವನಿಗೆ ಉಪದೇಶ ಮಾಡುವುದಿಲ್ಲ. ರೊಟ್ಟಿ ಮತ್ತು ನೀರನ್ನು ತಲೆಯ ಬಳಿ ಇಟ್ಟು, ತಟ್ಟಿ ಎಬ್ಬಿಸಿ, ತಿನ್ನು ಎನ್ನುತ್ತಾನೆ. ತಿಂದು ಮತ್ತೆ ಮಲಗಿದವನನ್ನು ಎರಡನೆಯ ಸಲವೂ ಎಬ್ಬಿಸಿ ತಿನ್ನಿಸುತ್ತಾನೆ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂಬ ಕಾರಣ ಕೊಟ್ಟು. ಸಣ್ಣ ಸ್ವರದಲ್ಲಿ ದೇವರ ಮಾತು ಕೇಳಿಸಿದ್ದು ನಿದ್ದೆ, ಊಟ, 40 ದಿನಗಳ ನಡಿಗೆ ಇವೆಲ್ಲ ಆದ ನಂತರ ಹೋರೇಬ್ ಬೆಟ್ಟದಲ್ಲಿ. ರೋಗಿಯನ್ನು ನೋಡಿಕೊಳ್ಳುವವರು ಒಂದು ರಾತ್ರಿಯಾದರೂ ಬೇರೆಯವರನ್ನು ತಾಯಿಯ ಬಳಿ ಕೂರಿಸಿ ನಿದ್ದೆ ಮಾಡುವುದು ಸತ್ಯವೇದಕ್ಕೆ ವಿರುದ್ಧವಾದುದಲ್ಲ. ನಿಮ್ಮ ಸಭೆಯವರನ್ನು ಕೇಳಿ. ಕೇಳುವುದೇ ನಮ್ಮಲ್ಲಿ ಅನೇಕರಿಗೆ ಕಷ್ಟವಾದ ಕೆಲಸ.

ಇನ್ನು, ಮೂರು ನಾಲ್ಕು ಅಧ್ಯಾಯಗಳ ಗುರಿಯನ್ನು ಸದ್ಯಕ್ಕೆ ಕೆಳಗಿಡಿ. ನನ್ನ ದೀರ್ಘ ಕಾಯಿಲೆಯ ದಿನಗಳಲ್ಲಿ ಮೂರು ವಚನಗಳಿಗಿಂತ ಹೆಚ್ಚು ಓದಲಾಗುತ್ತಿರಲಿಲ್ಲ. ಆಗ ಒಂದು ಸಾಲನ್ನು ಮೆಲ್ಲನೆ ಬಾಯಿಬಿಟ್ಟು ಓದಿ, ಅದರಲ್ಲಿ ತಡೆದು ನಿಲ್ಲಿಸಿದ ಪದ ಯಾವುದೋ ಅದನ್ನೇ ದಿನವಿಡೀ ಇಟ್ಟುಕೊಳ್ಳುತ್ತಿದ್ದೆ. 1ನೆಯ ಕೀರ್ತನೆಯಲ್ಲಿ ಧ್ಯಾನಿಸು ಎಂದಿರುವ ಕಡೆ ಮೂಲ ಹೀಬ್ರೂ ಪದಕ್ಕೆ ಸಣ್ಣ ದನಿಯಲ್ಲಿ ಗುನುಗುವುದು ಎಂಬ ಅರ್ಥವೂ ಇದೆ. ತಾಯಿಯ ಮೈ ಒರೆಸುತ್ತಲೂ ಗುನುಗಬಹುದು. ಸೈತಾನನು ಶೋಧಿಸಿದಾಗ ಯೇಸು ಸ್ವಾಮಿ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳಿಂದ ಬಂದವು. ಅವು ಆತನಲ್ಲಿ ಎಂದೋ ಇಳಿದಿದ್ದ ಮಾತುಗಳು. ನೀವೂ ವಾರಕ್ಕೆ ಒಂದು ವಚನ ಇಳಿಸಿಕೊಂಡರೆ ಸಾಕು.

ಹಿಂದಿನ ಸಾಲಿನವನು:

ಮೌನವಾಗಿ ಕುಳಿತುಕೊಳ್ಳುವುದೇ ಸಾಕೆಂಬ ಮಾತಿನಲ್ಲಿ ನನಗೆ ಅರ್ಧ ಒಪ್ಪಿಗೆ ಮಾತ್ರ. ಸಾರುವವನಿಲ್ಲದೆ ಕೇಳುವುದು ಹೇಗೆ ಎಂದು ರೋಮಾಪುರದವರಿಗೆ ಬರೆದ ಪತ್ರದ 10ನೆಯ ಅಧ್ಯಾಯದಲ್ಲಿ ಪೌಲನು ಕೇಳುತ್ತಾನೆ. ನಮ್ಮ ಅಂಜಿಕೆಯನ್ನು ಸೂಕ್ಷ್ಮತೆಯೆಂದು ಕರೆದುಕೊಳ್ಳುವ ಅಪಾಯ ಯಾವಾಗಲೂ ಇದೆ, ನನ್ನಲ್ಲಂತೂ ಬಹಳ ವರ್ಷ ಇತ್ತು.

ಆದರೆ ಸಹೋದರಿ, ನಿಮ್ಮ ವಿಷಯದಲ್ಲಿ ಪ್ರಶ್ನೆ ಅವರಿಂದಲೇ ಬಂದಿತ್ತೆಂಬುದನ್ನು ಗಮನಿಸಿ. 1 ಪೇತ್ರ 3:15 ಹೇಳುವುದು ಇಂಥ ಸಂದರ್ಭವನ್ನೇ: ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಬೇಕು, ಅದನ್ನು ಸಾತ್ವಿಕತೆಯಿಂದಲೂ ಗೌರವದಿಂದಲೂ ಹೇಳಬೇಕು. ಅವರು ಕೇಳಿದ್ದು ನೀವು ಹೇಗೆ ತಡೆದುಕೊಳ್ಳುತ್ತೀರಿ ಎಂದು. ನೀವು ಕಳುಹಿಸಿದ್ದು ಅವರಿಗೆ ಏನಾಗುವುದೆಂಬ ಮಾತನ್ನು. ಪ್ರಶ್ನೆ ನಿಮ್ಮ ಕುರಿತಾಗಿತ್ತು, ಉತ್ತರ ಅವರ ಕುರಿತಾಯಿತು.

ಮಾರ್ಕ 5ರಲ್ಲಿ ದೆವ್ವಗಳಿಂದ ಬಿಡುಗಡೆ ಹೊಂದಿದವನು ಯೇಸುವಿನೊಡನೆ ದೋಣಿ ಹತ್ತಲು ಬೇಡಿಕೊಂಡಾಗ, ಸ್ವಾಮಿಯು ಅವನನ್ನು ತನ್ನವರ ಬಳಿಗೆ ಕಳುಹಿಸಿ, ಕರ್ತನು ನಿನಗೆ ಮಾಡಿದ್ದನ್ನು ಹೇಳು ಎಂದನು. ಯೋಹಾನ 9ರ ಹುಟ್ಟುಕುರುಡನು ಯೆಹೂದ್ಯರ ಧಾರ್ಮಿಕ ಪಂಗಡದವರಾದ ಫರಿಸಾಯರ ವಾದಕ್ಕೆ ಸಿಲುಕದೆ, ಕುರುಡನಾಗಿದ್ದೆ, ಈಗ ಕಾಣುತ್ತೇನೆ, ಇದೊಂದನ್ನು ಬಲ್ಲೆ ಎನ್ನುತ್ತಾನೆ. ಸಮಾರ್ಯದ ಸ್ತ್ರೀಯ ಸಾಕ್ಷಿಯಂತೂ "ಬಂದು ನೋಡಿರಿ" ಎಂಬ ಕರೆ, ಅದರ ಬಾಲದಲ್ಲಿ ಆತನೇ ಕ್ರಿಸ್ತನಾಗಿರಬಹುದೇ ಎಂಬ ಪ್ರಶ್ನೆ! ಸಾಕ್ಷಿ ಎಂದರೆ ಕಂಡದ್ದನ್ನು ಹೇಳುವವನು. ನಿಮಗೆ ಓದು ಒಣಗಿದ್ದರೆ ಒಣಗಿದೆ ಎಂದೇ ಹೇಳಿ. "ಕೆಲವು ಬೆಳಗುಗಳಲ್ಲಿ ನನಗೂ ಏನೂ ಕೇಳಿಸುವುದಿಲ್ಲ, ಆದರೂ ಆತನನ್ನು ಬಿಟ್ಟು ಎಲ್ಲಿಗೂ ಹೋಗಲಾರೆ" ಎಂಬ ಮಾತು ನಿಮ್ಮ ಬಾಯಿಂದ ಬಂದರೆ, ಅದು ಫೋನಿಗೆ ಬಂದ ನೂರು ವಾಕ್ಯಗಳಿಗಿಂತ ಭಾರವಾಗಿರುತ್ತದೆ.

ಒಂದು ಎಚ್ಚರಿಕೆಯೂ ಇರಲಿ. ಅವರು ನಿಮ್ಮ ಕೈಕೆಳಗೆ ಕೆಲಸ ಮಾಡುವವರಾಗಿದ್ದರೆ ಇನ್ನಷ್ಟು ಜಾಗ್ರತೆ ಬೇಕು. ಬೇಡವೆನ್ನಲು ಸ್ವಾತಂತ್ರ್ಯವಿಲ್ಲದವರ ಮುಂದೆ ನಂಬಿಕೆಯ ಮಾತನ್ನಾಡಿದರೆ ಅದು ಒತ್ತಾಯವಾಗಿಬಿಡುತ್ತದೆ.

ಸಾಸಿವೆಕಾಳು:

ಮೂವರಿಗೂ ಕೃತಜ್ಞತೆಗಳು. ಅವರು ನನ್ನ ಕೈಕೆಳಗಿನವರಲ್ಲ, ನಮ್ಮಿಬ್ಬರದೂ ಸಮಾನ ಹುದ್ದೆ.

ನಿನ್ನೆ ಮಧ್ಯಾಹ್ನ ಅವರ ಬಳಿ ಕುಳಿತು, "ಅಂದು ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರಿಸಲಿಲ್ಲ. ಕಳುಹಿಸಿದ ವಾಕ್ಯ ನಿಮಗೆ ನೋವು ಕೊಟ್ಟಿದ್ದರೆ ಕ್ಷಮಿಸಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೆಯ ಕಾಲ ಎಂಬ ಮಾತು ಓದಿದಾಗ ಸಿಟ್ಟು ಬಂತು" ಎಂದರು. ಆಮೇಲೆ ಬಿಡುವು ಮುಗಿಯುವ ತನಕ ತಮ್ಮ ಗಂಡನ ಬಗ್ಗೆ ಮಾತನಾಡಿದರು. ನಾನು ಕೇಳಿಸಿಕೊಂಡೆ. ಏಳುವಾಗ ಅವರು, "ಹಾಗಾದರೆ ನಿಮಗೆ ಯಾವತ್ತೂ ದೇವರ ಮೇಲೆ ಸಿಟ್ಟು ಬರುವುದಿಲ್ಲವೇ?" ಎಂದು ಕೇಳಿದರು. ಬರುತ್ತದೆ, ಅದನ್ನು ಆತನಿಗೇ ಹೇಳುವ ಪ್ರಾರ್ಥನೆಗಳು ನಮ್ಮ ಸತ್ಯವೇದದಲ್ಲಿಯೇ ಇವೆ ಎಂದೆ. ಅವರು ನಂಬಲಿಲ್ಲ, ತೋರಿಸಿ ಎಂದರು.

ಸೋಮವಾರ ಪುಸ್ತಕವನ್ನು ತೆಗೆದುಕೊಂಡು ಹೋಗುತ್ತೇನೆ. 88ನೆಯದು ತೀರ ಕತ್ತಲೆಯಾಗಿದೆ, 13ನೆಯದು ಬೇಗನೆ ಹರ್ಷಕ್ಕೆ ತಿರುಗುತ್ತದೆ. ಮೊದಲು ಯಾವುದನ್ನು ಅವರ ಕೈಗೆ ಕೊಡಲಿ?

ದೀಪಸ್ತಂಭ:

88. ನೀವೇ ಓದಿ ಹೇಳಬೇಡಿ, ಪುಸ್ತಕವನ್ನು ಅವರ ಕೈಗೇ ಕೊಡಿ. 13ನ್ನು ಅವರಾಗಿ ಕೇಳುವವರೆಗೆ ಕಾಯಿರಿ.