ನಾಲ್ಕನೇ ಕ್ರಾಸ್ ಮೂಲೆ ಬೇಲಿ, ಕಾಂಪೌಂಡ್ ಎತ್ತರದ ವಿಚಾರ: ದಯವಿಟ್ಟು ಎಲ್ಲರೂ ಓದಿ, ಅಭಿಪ್ರಾಯ ಬರೆಯಿರಿ

ಸಂಚಾಲಕಿ, 2ನೇ ಕ್ರಾಸ್

ಎಲ್ಲರಿಗೂ ನಮಸ್ಕಾರ. ಗಿಡ ಬೆಳೆಸುವವರಿಗೆ ನಮ್ಮ ಮೈಸೂರಿನಲ್ಲಿ ಯಾವತ್ತೂ ಕೊರತೆ ಇಲ್ಲ, ನಮ್ಮ ಬಡಾವಣೆಯಲ್ಲಂತೂ ಇನ್ನೂ ಜಾಸ್ತಿ. ಅದು ಹಾಗೇ ಇರಲಿ. ಆದರೆ ನಾಲ್ಕನೇ ಕ್ರಾಸ್ ಮುಖ್ಯರಸ್ತೆಗೆ ಸೇರುವ ಜಾಗದಲ್ಲಿ ಈಗ ಎದುರಿನಿಂದ ಏನು ಬರುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಒಂದು ಮೂಲೆಯಲ್ಲಿ ಡ್ಯುರಾಂಟಾ ಗಿಡದ ಬೇಲಿ ಆಳೆತ್ತರ ದಾಟಿದೆ. ಇನ್ನೊಂದು ಮೂಲೆಯಲ್ಲಿ ಕಾಂಪೌಂಡ್ ಮೇಲೆ ಹಸಿರು ಫೈಬರ್ ಶೀಟು ನಿಂತಿದೆ.

ಕಳೆದ ವಾರ ಟ್ಯೂಷನ್ ಮುಗಿಸಿ ಬರುತ್ತಿದ್ದ ಹುಡುಗಿಯೊಬ್ಬಳು ಅಲ್ಲೇ ಸೈಕಲ್‌ನಿಂದ ಬಿದ್ದಳು. ಸ್ಕೂಟರಿನವರು ಬ್ರೇಕ್ ಹಿಡಿದರು, ಮಂಡಿ ತರಚಿದ್ದಷ್ಟಕ್ಕೇ ಹೋಯಿತು. ಅವಳೂ ಜೋರಾಗಿ ಬರುತ್ತಿರಲಿಲ್ಲ, ಅವರೂ ಜೋರಾಗಿ ಬರುತ್ತಿರಲಿಲ್ಲ. ಒಬ್ಬರಿಗೊಬ್ಬರು ಕಾಣಲಿಲ್ಲ, ಅಷ್ಟೇ.

ಆಮೇಲೆ ನಾನು ಅದೇ ಮೂಲೆಯಲ್ಲಿ ಕಾರು ನಿಲ್ಲಿಸಿ ನೋಡಿದೆ. ಬಾನೆಟ್ಟು ಮುಖ್ಯರಸ್ತೆಗೆ ಬರುವ ತನಕ ಎಡಗಡೆ ಬರೀ ಎಲೆ. ಹಾರ್ನ್ ಕೇಳುತ್ತದೆ, ಗಾಡಿ ಕಾಣುವುದಿಲ್ಲ. ಪೌರಕಾರ್ಮಿಕರು ತಳ್ಳುಗಾಡಿ ತರುವುದೂ ಇದೇ ತಿರುವಿನಲ್ಲಿ.

ಇದಕ್ಕೆ ನಿಯಮ ಇಲ್ಲ ಅಂತ ಕೆಲವರು ಹೇಳಿದರು. ಇದೆ. ಊರುಗಳ ಕಟ್ಟಡ ಬೈಲಾಗಳಿಗೆ ಮಾದರಿಯಾಗಿ ಇರುವ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಬಂತು, ಆಮೇಲೆ ಹಲವು ಸಲ ಪರಿಷ್ಕರಣೆ ಆಯಿತು. ಅದರ ಪ್ರಕಾರ ಕಾಂಪೌಂಡ್ ಗೋಡೆ 1.5 ಮೀಟರ್, ಅಂದರೆ ಸುಮಾರು ಐದಡಿ. ಮೇಲಿನ 0.9 ಮೀಟರ್ ಗ್ರಿಲ್ ತರಹ ತೆರೆದಿದ್ದರೆ ಒಟ್ಟು 2.4 ಮೀಟರ್ ತನಕ ಒಪ್ಪಬಹುದು. ಮೂಲೆ ಸೈಟಿಗೆ ಮಾತ್ರ ಬೇರೆ ಲೆಕ್ಕ. ರಸ್ತೆಗಳು ಸೇರುವ ಕಡೆಯಿಂದ ಎರಡೂ ಬದಿಗೆ 10 ಮೀಟರ್ ಉದ್ದ ಗೋಡೆ 0.75 ಮೀಟರ್, ಅಂದರೆ ಸುಮಾರು ಎರಡೂವರೆ ಅಡಿ, ಮೀರಬಾರದು. ಅದರ ಮೇಲೆ ಇನ್ನೊಂದು 0.75 ಮೀಟರ್ ಬೇಕಿದ್ದರೆ ಗ್ರಿಲ್ ಹಾಕಿಕೊಳ್ಳಬಹುದು.

ಇದು ಸುಮ್ನೆ ಬರೆದ ಅಳತೆ ಅಲ್ಲ. ರಸ್ತೆ ವಿನ್ಯಾಸ ಮಾಡುವ ಎಂಜಿನಿಯರುಗಳು ಕಾರು ಓಡಿಸುವವರ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ ಅಂತ ಹಿಡಿಯುತ್ತಾರೆ. ಐದಡಿ ಗೋಡೆ ಆ ಕಣ್ಣನ್ನು ಪೂರ್ತಿ ಮುಚ್ಚುತ್ತದೆ. ಎರಡೂವರೆ ಅಡಿ ಗೋಡೆ ಇದ್ದರೆ ಸೈಕಲ್ ಮೇಲಿರುವ ಮಗುವಿನ ತಲೆ, ಹೆಗಲು ಎರಡೂ ಕಾಣುತ್ತವೆ.

ಸಂಹಿತೆ ಹೇಳುವುದು ಗೋಡೆಯ ಮಾತು, ಗಿಡದ್ದಲ್ಲ. ಆದರೆ ಒತ್ತಾಗಿ ಬೆಳೆದ ಡ್ಯುರಾಂಟಾದ ಆಚೆ ನೋಡಲು ಆಗುತ್ತದಾ, ಹೇಳಿ? ನನ್ನ ಸಲಹೆ: ಮೂಲೆಯಿಂದ ಎರಡೂ ಕಡೆ ಆ 10 ಮೀಟರಿಗೆ ಗೋಡೆಗೂ ಗಿಡಕ್ಕೂ ಒಂದೇ ಎತ್ತರ. ಅದರಾಚೆ ಅವರವರ ಇಷ್ಟ.

5ನೇ ಕ್ರಾಸ್, ಮಹಡಿ ಮನೆ

ಒಳ್ಳೆ ವಿಷಯ ಎತ್ತಿದಿರಿ ಮೇಡಂ. ಒಂದು ಪ್ರಶ್ನೆ. ಎತ್ತರ ಎಲ್ಲಿಂದ ಅಳೆಯಬೇಕು? ನಮ್ಮ ಗೋಡೆ ಒಳಗಿನಿಂದ ಆರಡಿ, ಹೊರಗಿನಿಂದ ನಾಲ್ಕೂವರೆ.

ಸಂಚಾಲಕಿ, 2ನೇ ಕ್ರಾಸ್

ಸರ್, ಮನೆ ಮುಂದಿನ ರಸ್ತೆಯ ಮಧ್ಯದ ಮಟ್ಟದಿಂದ. ನಿಮ್ಮ ಮನೆಯಲ್ಲಿ ಈ ವ್ಯತ್ಯಾಸ ಯಾಕೆ ಬಂತು ಅಂತ ನಿಮಗೂ ಗೊತ್ತು. ಹಳೇ ಡಾಂಬರು ಕೆರೆಯದೆ ಮೇಲಿಂದ ಮೇಲೆ ಹೊಸದು ಹಾಕಿದರು. ರಸ್ತೆ ಏರಿತು, ಮಳೆ ನೀರು ಗೇಟಿನೊಳಗೆ ಬಂತು, ಎಲ್ಲರೂ ಎರಡು ವರಸೆ ಬ್ಲಾಕ್ ಏರಿಸಿದೆವು. ಇದರಲ್ಲಿ ಮನೆಯವರದೇನೂ ತಪ್ಪಿಲ್ಲ. ಹೊರಗಿನ ನಾಲ್ಕೂವರೆಯೇ ಲೆಕ್ಕ, ನಿಮ್ಮದು ಸರಿಯಾಗಿದೆ.

4ನೇ ಕ್ರಾಸ್, ಪೂರ್ವದ ಮೂಲೆ ಮನೆ

ಆ ಬೇಲಿ ನನ್ನದೇ ಕಣಮ್ಮ. ಆ ಮಗು ಬಿದ್ದದ್ದು ಕೇಳಿ ನನಗೂ ಸಂಕಟ ಆಯಿತು. ಆದರೆ ನನ್ನ ಕಷ್ಟವನ್ನೂ ಕೇಳಿ. ಯಜಮಾನರು ಹೋದ ಮೇಲೆ ಒಬ್ಬಳೇ ಇದ್ದೇನೆ. ಬೆಳಗ್ಗೆ ವಾಕಿಂಗ್ ಬರುವವರು ಕೈ ಚಾಚಿ ದಾಸವಾಳ, ನಂದಿಬಟ್ಟಲು ಎಲ್ಲ ಕಿತ್ತುಕೊಂಡು ಹೋಗುತ್ತಿದ್ದರು. ದೇವರಿಗೆ ಇಡಲು ನನಗೇ ಒಂದು ಹೂವು ಉಳಿಯುತ್ತಿರಲಿಲ್ಲ. ರಾತ್ರಿ ಯಾರೋ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದರು. ಬೇಲಿ ಎತ್ತರ ಬಂದ ಮೇಲೆ ನಿದ್ದೆ ಬಂತು. ಈಗ ಎರಡೂವರೆ ಅಡಿ ಮಾಡಿ ಅಂದರೆ ಭಯ ಆಗುತ್ತದೆ.

ಸಂಚಾಲಕಿ, 2ನೇ ಕ್ರಾಸ್

ಅಮ್ಮ, ನಿಮ್ಮ ಭಯ ಸುಳ್ಳಲ್ಲ. ಅದನ್ನು ಬಿಟ್ಟು ಬರೀ ಬೇಲಿ ಮಾತು ಆಡುವುದು ನನಗೆ ಇಷ್ಟವಿಲ್ಲ. ಲೆಕ್ಕ ಹೀಗಿದೆ ನೋಡಿ. ನಿಮ್ಮದು 40×60 ಸೈಟು. 10 ಮೀಟರ್ ಅಂದರೆ 33 ಅಡಿ. ಉದ್ದದ ಬದಿಯಲ್ಲಿ ಇನ್ನೂ 27 ಅಡಿ ಬೇಲಿ ಈಗಿನ ಎತ್ತರದಲ್ಲೇ ಇರಬಹುದು. ನಿಮ್ಮ ಮಲಗುವ ಕೋಣೆ ಕಿಟಕಿ ಇರುವುದು ಅದೇ ಕಡೆ. ಮೂಲೆಯ ಭಾಗದಲ್ಲಿ ಗಿಡ ತಗ್ಗಿಸಿ ಅದರ ಮೇಲೆ ಗ್ರಿಲ್ ಹಾಕಿದರೆ ಆಚೆ ಈಚೆ ಕಾಣುತ್ತದೆ, ಆದರೆ ಯಾರೂ ಒಳಗೆ ಕೈ ಹಾಕಲು ಆಗುವುದಿಲ್ಲ. ದಾಸವಾಳವನ್ನು ಎರಡಡಿ ಒಳಗೆ ಸರಿಸಿ ನೆಡೋಣ. ಮಳೆಗಾಲದಲ್ಲಿ ಕಡ್ಡಿ ಚುಚ್ಚಿದರೂ ಹಿಡಿಯುತ್ತದೆ.

ಗ್ರಿಲ್ ಖರ್ಚು ನಿಮ್ಮೊಬ್ಬರ ಮೇಲೆ ಬರಬಾರದು. ಎಲ್ಲರ ಮಕ್ಕಳಿಗಾಗಿ ನೀವು ಮರೆ ಬಿಟ್ಟುಕೊಡುತ್ತಿದ್ದೀರಿ, ಹಣ ಎಲ್ಲರೂ ಹಾಕಬೇಕು. ಸಂಘದ ನಿಧಿಯಿಂದ ಅರ್ಧ, ಉಳಿದದ್ದು ಆ ರಸ್ತೆಯ ಮನೆಗಳಿಂದ ಅಂತ ನನ್ನ ಪ್ರಸ್ತಾಪ. ಮೂಲೆಯ ಬೀದಿ ದೀಪ ಕೆಟ್ಟು ಕೂತಿದೆಯಲ್ಲ, ಅದನ್ನು ಮೊದಲು ಸರಿ ಮಾಡಿಸೋಣ. ದೀಪ ಬಂದ ಮೇಲೆಯೇ ನಿಮ್ಮ ಬೇಲಿಗೆ ಕತ್ತರಿ.

1ನೇ ಕ್ರಾಸ್

ಇಷ್ಟೆಲ್ಲ ಯಾಕೆ? ಪಾಲಿಕೆಗೆ ಒಂದು ಅರ್ಜಿ ಕೊಟ್ಟರೆ ಬಂದು ಕಿತ್ತು ಹಾಕುತ್ತಾರೆ. ಮೂಲೆಗೆ ನಾವೇ ಒಂದು ಹಂಪ್ ಹಾಕಿಸಿಬಿಡೋಣ.

ಸಂಚಾಲಕಿ, 2ನೇ ಕ್ರಾಸ್

ರಸ್ತೆಗೆ ಅಡ್ಡ ಬಂದದ್ದನ್ನು ತೆಗೆಸುವ ಅಧಿಕಾರ ಪಾಲಿಕೆಗೆ ಇದೆ, ನಿಜ. ಆದರೆ ಅಮ್ಮನವರು ಮಾತಿಗೆ ಸಿದ್ಧ ಇರುವಾಗ ನೋಟಿಸ್ ಕೊಡಿಸುವುದು ನನಗೆ ಒಪ್ಪಿಗೆಯಿಲ್ಲ. ಒಮ್ಮೆ ಹಾಗೆ ಮಾಡಿದರೆ ಅಕ್ಕಪಕ್ಕದವರು ಮತ್ತೆ ಮುಖ ಕೊಟ್ಟು ಮಾತಾಡುವುದಿಲ್ಲ. ಹಂಪ್ ನಾವು ನಾವೇ ಹಾಕುವ ಹಾಗಿಲ್ಲ. ಅನುಮತಿ, ಅಳತೆ, ಬಿಳಿ ಪಟ್ಟೆ, ಮುನ್ಸೂಚನೆ ಫಲಕ ಎಲ್ಲ ಬೇಕು. ರಾತ್ರಿ ಕಾಣದ ಹಂಪ್‌ನಿಂದ ಬಿದ್ದವರನ್ನು ನಾವೆಲ್ಲ ನೋಡಿದ್ದೇವೆ.

6ನೇ ಕ್ರಾಸ್

ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಬೇಲಿ ಗಿಡಕ್ಕೇ ಕಾನೂನು ಇದೆ, 2003ರದ್ದು. ವರ್ಷವಿಡೀ ಹಸಿರಾಗಿರುವ ಸಾಲು ಎರಡು ಮೀಟರ್ ದಾಟಿ ಪಕ್ಕದವರಿಗೆ ತೊಂದರೆ ಆದರೆ ಕೌನ್ಸಿಲ್‌ಗೆ ದೂರು ಕೊಡಬಹುದು. ಆದರೆ ಮೊದಲು ನೀವೇ ಮಾತಾಡಿ ನೋಡಿದ್ದೀರಾ ಅಂತ ಕೇಳುತ್ತಾರೆ. ಆ ಪ್ರಯತ್ನ ಮಾಡದಿದ್ದರೆ ದೂರನ್ನು ತಳ್ಳಿಹಾಕಬಹುದು. ಹಾಗಾಗಿ ಮಾತಾಡಿ ಮುಗಿಸುವುದೇ ಸರಿ ಅಂತ ನನಗೂ ಅನಿಸುತ್ತದೆ.

4ನೇ ಕ್ರಾಸ್, ಪಶ್ಚಿಮದ ಮೂಲೆ ಮನೆ

ಶೀಟು ನಮ್ಮದು. ಎದುರಿಗೆ ಪಿಜಿ ಆದ ಮೇಲೆ ಹಾಲ್‌ನಲ್ಲಿ ಕೂರಲು ಹೆಂಗಸರಿಗೆ ಮುಜುಗರ ಆಗುತ್ತಿತ್ತು, ಅದಕ್ಕೇ ಹಾಕಿಸಿದೆ. ನಮ್ಮದು ಬರೀ 30×40. ಹತ್ತು ಮೀಟರ್ ಅಂದರೆ ಮೂವತ್ತಡಿಯ ಬದಿ ಪೂರ್ತಿ ಹೋಯಿತು. ನಾವೇನು ಬಯಲಲ್ಲಿ ಕೂರಬೇಕಾ?

ಸಂಚಾಲಕಿ, 2ನೇ ಕ್ರಾಸ್

ಸರ್, ನೀವು ಹೇಳಿದ್ದು ನ್ಯಾಯವೇ. ಚಿಕ್ಕ ಮೂಲೆ ಸೈಟಿನವರಿಗೆ ಈ ನಿಯಮದ ಬಿಸಿ ಜಾಸ್ತಿ. ಆದರೆ ಪಿಜಿ ಇರುವುದು ಮೇಲೆ. ಮೇಲಿನಿಂದ ಬರುವ ದೃಷ್ಟಿಯನ್ನು ದೂರದ ಕಾಂಪೌಂಡ್‌ನಲ್ಲಿ ತಡೆಯಬೇಕಾದರೆ ಅದು ಬಹಳ ಎತ್ತರ ಇರಬೇಕು. ಕಿಟಕಿ ಹತ್ತಿರವೇ ತಡೆದರೆ ಸ್ವಲ್ಪ ಸಾಕು. ಸಜ್ಜಾದಿಂದ ಬಿದಿರಿನ ತಟ್ಟಿ ಇಳಿಬಿಡಿ, ಇಲ್ಲವೇ ಸೆಟ್‌ಬ್ಯಾಕ್‌ನಲ್ಲಿ, ಅಂದರೆ ಮನೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಜಾಗದಲ್ಲಿ, ಮನೆ ಗೋಡೆಯ ಪಕ್ಕ ಕುಂಡ ಇಟ್ಟು ಬಳ್ಳಿ ಹಬ್ಬಿಸಿ. ನಮ್ಮ ಮನೆಯಲ್ಲಿ ಶಂಖಪುಷ್ಪ ಹೀಗೇ ಹಬ್ಬಿಸಿದ್ದೇವೆ. ಒಂದು ಮಳೆಗಾಲಕ್ಕೆ ಕಿಟಕಿ ಮುಚ್ಚುವಷ್ಟು ಬಂದಿದೆ, ಗಾಳಿಗೂ ತೊಂದರೆ ಇಲ್ಲ. ಒಮ್ಮೆ ಬಂದು ನೋಡಿ.

4ನೇ ಕ್ರಾಸ್, ಪಶ್ಚಿಮದ ಮೂಲೆ ಮನೆ

ಬಂದು ನೋಡುತ್ತೇನೆ. ತಟ್ಟಿ ಆದರೆ ಶೀಟು ತೆಗೆಸಲು ಅಡ್ಡಿಯಿಲ್ಲ.

3ನೇ ಕ್ರಾಸ್

ಇದೇ ಹೊತ್ತಲ್ಲಿ ನಮ್ಮದೂ ಒಂದು. ಪಕ್ಕದವರು ಗೋಡೆ ಏರಿಸಿ ನಮ್ಮ ಅಡುಗೆಮನೆ ಕತ್ತಲಾಗಿದೆ. ಮಧ್ಯಾಹ್ನವೂ ಲೈಟ್ ಹಾಕಿಕೊಂಡೇ ತರಕಾರಿ ಹೆಚ್ಚಬೇಕು. ಏನು ಮಾಡಬಹುದು?

7ನೇ ಕ್ರಾಸ್, ನಿವೃತ್ತ ವಕೀಲ

1882ರ ಅನುಭೋಗ ಹಕ್ಕುಗಳ ಕಾಯ್ದೆಯ 15ನೇ ಕಲಂ ನಿಮಗೆ ಅನ್ವಯಿಸಬಹುದು. ಕಟ್ಟಡದ ಕಿಟಕಿಗೆ 20 ವರ್ಷ ಅಡ್ಡಿಯಿಲ್ಲದೆ ಬೆಳಕು ಬಂದಿದ್ದರೆ ಅದು ಹಕ್ಕಾಗುತ್ತದೆ. ಖಾಲಿ ಅಂಗಳಕ್ಕೆ ಬರುವ ಬೆಳಕಿಗೆ ಈ ಹಕ್ಕಿಲ್ಲ. ಬೆಳಕು ಚೂರು ಕಡಿಮೆ ಆಯಿತು ಅಂದರೆ ಸಾಲದು, ನಿಜವಾದ ತೊಂದರೆ ಆಗಿರಬೇಕು. ಮನೆ ಕಟ್ಟಿದ ವರ್ಷದ ದಾಖಲೆ, ಹಳೇ ಫೋಟೋ ಹುಡುಕಿ ಇಟ್ಟುಕೊಳ್ಳಿ. ಗೋಡೆ ಯಾರ ಜಾಗದಲ್ಲಿದೆ ಅಂತ ಇಬ್ಬರ ಕ್ರಯಪತ್ರದ ಚಕ್ಕುಬಂದಿ (ನಾಲ್ಕೂ ಬದಿಯ ಗಡಿ ವಿವರ) ನೋಡಿ. ಕೋರ್ಟಿಗೆ ಹೋಗುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಇಬ್ಬರೂ ಕೂತು ಮಾತಾಡಬಹುದು. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ.

2ನೇ ಕ್ರಾಸ್, ಕಾಲೇಜು ವಿದ್ಯಾರ್ಥಿನಿ

ಆಂಟಿ, ಒಂದು ವಿನಂತಿ. ಅಜ್ಜಿ ಮನೆ ಬೇಲಿ ಕತ್ತರಿಸುವ ಮುಂಚೆ ಗೂಡು ಇದೆಯಾ ನೋಡಬೇಕು. ಸಿಂಪಿಗ ಹಕ್ಕಿ ಎರಡು ಎಲೆ ಸೇರಿಸಿ ನಾರಿನಲ್ಲಿ ಹೊಲಿದು ಒಳಗೆ ಹತ್ತಿ ಹಾಸಿರುತ್ತದೆ. ಹೊರಗಿನಿಂದ ಮಡಚಿದ ಎಲೆ ಹಾಗೆ ಕಾಣುತ್ತದೆ ಅಷ್ಟೇ. ಗೂಡು ಸಿಕ್ಕ ಕಡೆ ರಿಬ್ಬನ್ ಕಟ್ಟುತ್ತೇನೆ, ಮರಿ ಹಾರಿದ ಮೇಲೆ ಆ ಭಾಗ ತಗ್ಗಿಸಬಹುದು.

ಸಂಚಾಲಕಿ, 2ನೇ ಕ್ರಾಸ್

ಖಂಡಿತ ಪುಟ್ಟ, ಶನಿವಾರ ಸಂಜೆಯೇ ನೋಡಿಬಿಡು. ಇನ್ನೊಂದು ಮಾತು ಎಲ್ಲರಿಗೂ: ನಾವು ತಗ್ಗಿಸುವುದು ಬೇಲಿ ಮಾತ್ರ. ಪಕ್ಕದ ಹೊಂಗೆ ಮರಕ್ಕೆ ಯಾರೂ ಗರಗಸ ಹಾಕಬೇಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅದರ ಕಾಂಡದಿಂದ ನೋಟಕ್ಕೆ ತೊಂದರೆಯೂ ಇಲ್ಲ.

ಭಾನುವಾರ ಬೆಳಗ್ಗೆ ಏಳಕ್ಕೆ ನಾಲ್ಕನೇ ಕ್ರಾಸ್ ಮೂಲೆಯಲ್ಲಿ ಸೇರೋಣ. ಅವತ್ತು ಅಳತೆ ಮಾತ್ರ, ಕತ್ತರಿ ಇಲ್ಲ. ರಸ್ತೆ ಮಧ್ಯದಿಂದ ಮಟ್ಟ ಹಿಡಿದು ಎರಡೂ ಮನೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇವೆ, ಮನೆಯವರು ಪಕ್ಕದಲ್ಲಿ ನಿಂತಿರಲಿ. ಒಬ್ಬರು ಕಾರಿನಲ್ಲಿ ಕೂತು, ಇನ್ನೊಬ್ಬರು ಸೈಕಲ್ ಹಿಡಿದು ನಿಂತು, ಎಷ್ಟು ತಗ್ಗಿಸಿದರೆ ಕಾಣುತ್ತದೆ ಅಂತ ಅಲ್ಲೇ ನೋಡೋಣ. ವೆಲ್ಡಿಂಗ್ ಅಂಗಡಿಯವರನ್ನೂ ಕರೆದಿದ್ದೇನೆ, ಗ್ರಿಲ್‌ಗೆ ದರ ಹೇಳುತ್ತಾರೆ. ಬೀದಿ ದೀಪದ ಅರ್ಜಿ ನಾಳೆ ವಲಯ ಕಚೇರಿಗೆ ಕೊಡುತ್ತೇನೆ.

ನಮ್ಮ ಪಾಲಿಕೆಯ ಬೈಲಾದಲ್ಲಿ ಕಾಂಪೌಂಡ್ ಬಗ್ಗೆ ಇರುವ ಪುಟದ ದೃಢೀಕೃತ ಪ್ರತಿಗೆ ಮಾಹಿತಿ ಹಕ್ಕು ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ವಕೀಲ ಸರ್, ನೀವೇ ಬರೆದುಕೊಟ್ಟರೆ ಚೆನ್ನಾಗಿರುತ್ತದೆ. ಪ್ರತಿ ಕೈಯಲ್ಲಿದ್ದರೆ ಮುಂದೆ ಯಾರು ಮನೆ ಕಟ್ಟಿಸಿದರೂ ಮೊದಲೇ ತೋರಿಸಬಹುದು.

ನೂರಡಿ ಟೇಪು ಯಾರ ಹತ್ತಿರ ಇದೆ?

5ನೇ ಕ್ರಾಸ್, ಮಹಡಿ ಮನೆ

ಟೇಪು ನಾನು ತರುತ್ತೇನೆ. ಮಟ್ಟ ನೋಡುವ ಟ್ಯೂಬ್ ಗಾರೆ ಮೇಸ್ತ್ರಿ ಹತ್ತಿರ ಇದೆ, ಕೇಳುತ್ತೇನೆ.

7ನೇ ಕ್ರಾಸ್, ನಿವೃತ್ತ ವಕೀಲ

ಅರ್ಜಿ ಇವತ್ತು ರಾತ್ರಿ ಬರೆದು ಇಲ್ಲೇ ಹಾಕುತ್ತೇನೆ.

4ನೇ ಕ್ರಾಸ್, ಪೂರ್ವದ ಮೂಲೆ ಮನೆ

ಏಳಕ್ಕೆ ಬನ್ನಿ, ಗೇಟು ತೆಗೆದಿರುತ್ತೇನೆ. ದೀಪದ ಅರ್ಜಿಗೆ ನನ್ನ ಸಹಿಯೂ ಹಾಕಿಸಿಕೊಳ್ಳಿ.